ಬಚ್ಚಲಿನ ಚಿಲಕ

ಮಂಗಳವಾರ ಬಂದವಳನ್ನು ಗುರುವಾರ ಬಾ ಎಂದು ಕಳಿಸಿದೆ. ನನ್ನ ಕೆಲಸದ ಬದುಕಿನಲ್ಲಿ ಇದೊಂದೇ ತಪ್ಪು ಎಂದಲ್ಲ. ಉಳಿದವುಗಳನ್ನು ಆಯಾ ಕಾಲಕ್ಕೆ ಒಪ್ಪಿಕೊಂಡು, ತಿದ್ದಿಕೊಂಡು ಮುಗಿಸಿದ್ದೇನೆ. ಇದು ಮುಗಿದಿಲ್ಲ.

ನಾನು ನರ್ಸು. ಹದಿನೆಂಟು ತುಂಬಿದ ವರ್ಷ ನರ್ಸಿಂಗ್ ಶಾಲೆ ಸೇರಿದೆ. ಅಲ್ಲಿನ ಮೇಟ್ರನ್ ಬೆಳಿಗ್ಗೆ ಐದಕ್ಕೆ ಗಂಟೆ ಹೊಡೆಸಿ, ಐದೂ ಹತ್ತಕ್ಕೆ ಬಂದು ಹಾಸಿಗೆಯ ನಾಲ್ಕೂ ಮೂಲೆಗಳನ್ನು ಮುಟ್ಟಿ ನೋಡುತ್ತಿದ್ದರು. ಒಂದು ಮೂಲೆ ಸಡಿಲವಿದ್ದರೂ ಪೂರ್ತಿ ಕಿತ್ತು ಮತ್ತೆ ಹಾಸಬೇಕು. ನನ್ನ ಜೊತೆಯವರು ಅಳುತ್ತಿದ್ದರು. ನನಗೆ ಅದು ಹಿಡಿಸಿತು. ಯಾವ ಕೆಲಸಕ್ಕೂ ಒಂದು ಹೊತ್ತು, ಯಾವ ವಸ್ತುವಿಗೂ ಒಂದು ಜಾಗ ಎಂದು ಯಾರಾದರೂ ಗೆರೆ ಎಳೆದುಕೊಟ್ಟರೆ ನನ್ನ ಮನಸ್ಸು ನೆಮ್ಮದಿಯಾಗಿರುತ್ತದೆ. ಎಪ್ಪತ್ತರ ಹತ್ತಿರ ಬಂದ ಮೇಲೂ ನನ್ನ ಹಾಸಿಗೆಯ ಮೂಲೆಗಳು ಸಡಿಲವಿರುವುದಿಲ್ಲ.

ದೊಡ್ಡ ಆಸ್ಪತ್ರೆಯಿಂದ ನಿವೃತ್ತಳಾದ ಮೇಲೆ ಮೂಡಿಗೆರೆಯಲ್ಲಿ ಮನೆ ಮಾಡಿದೆ. ಸುಮ್ಮನೆ ಕೂರುವುದು ನನ್ನಿಂದಾಗದು. ಕಳಸದ ಕಡೆಯ ಒಂದು ಕಾಫಿ ಎಸ್ಟೇಟಿನವರು ತಮ್ಮ ಡಿಸ್ಪೆನ್ಸರಿಗೆ ವಾರಕ್ಕೆ ಮೂರು ದಿನ ಬನ್ನಿ ಎಂದು ಕರೆದರು. ಹೋದೆ. ಮಂಗಳವಾರ, ಗುರುವಾರ, ಶನಿವಾರ ಮೊದಲ ಬಸ್ಸು ಹತ್ತಿ ಒಂಬತ್ತಕ್ಕೆ ಮೊದಲೇ ಬಾಗಿಲು ತೆಗೆಯುತ್ತಿದ್ದೆ. ಹೋದ ಮೊದಲ ವಾರವೇ ಒಂದು ರಟ್ಟಿನ ಮೇಲೆ ದುಂಡಗೆ ಬರೆದು ಗೋಡೆಗೆ ಹಾಕಿದೆ. ಮಂಗಳವಾರ ಬಸುರಿಯರು ಮತ್ತು ಮಕ್ಕಳು. ಗುರುವಾರ ಗಂಡ ಹೆಂಡತಿಯ ಖಾಸಗಿ ವಿಷಯ. ಶನಿವಾರ ಗಾಯ, ಬಿ.ಪಿ., ಸಕ್ಕರೆ. ಜ್ವರ, ಹಾವು, ಹೆರಿಗೆ ನೋವು, ರಕ್ತ ಹೋಗುವುದು, ಈ ನಾಲ್ಕಕ್ಕೆ ಮಾತ್ರ ವಾರದ ಕಟ್ಟು ಇಲ್ಲ. ನನ್ನ ಫೋನ್ ನಂಬರ್ ಯಾರಿಗೂ ಕೊಡುತ್ತಿರಲಿಲ್ಲ. ಕೊಟ್ಟರೆ ಒಬ್ಬರು ನೆಗಡಿಗೆ ಮಾಡುತ್ತಾರೆ, ಇನ್ನೊಬ್ಬರು ಹಸುವಿನ ಕೆಚ್ಚಲಿಗೆ ಮಾಡುತ್ತಾರೆ.

ಆ ಎಸ್ಟೇಟಿನ ಲೈನ್ ಮನೆಗಳಲ್ಲಿ, ಎಂದರೆ ಕೂಲಿಯವರಿಗೆ ಸಾಲಾಗಿ ಕಟ್ಟಿಕೊಟ್ಟ ಮನೆಗಳಲ್ಲಿ, ಕೊನೆಯದರಲ್ಲಿ ಒಂದು ಸಂಸಾರವಿತ್ತು. ಗಂಡ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಹೆಂಡತಿ ತೋಟದ ಕೆಲಸ, ಮೂವತ್ತರ ಆಸುಪಾಸು. ಇಬ್ಬರು ಮಕ್ಕಳು, ಗಂಡನ ತಾಯಿ. ಎರಡನೆಯ ಮಗುವಾದ ಮೇಲೆ ಆಕೆಗೆ ಸಂತಾನಹರಣ ಆಪರೇಷನ್ ಆಗಿತ್ತು. ಅವನಿಗೆ ಕ್ಷಯ ಬಂತು. ಅದರ ಬೆನ್ನಲ್ಲೇ ರಕ್ತ ಪರೀಕ್ಷೆಯಲ್ಲಿ ಎಚ್.ಐ.ವಿ. ಇದೆ ಎಂದು ತಿಳಿಯಿತು. ಎಲ್ಲಿಂದ ಬಂತು ಎಂದು ನಾನು ಕೇಳಲಿಲ್ಲ. ಕೇಳಬಾರದು ಎಂಬುದು ನಾನು ಕಲಿತ ಪಾಠ. ಆಕೆಗೆ ಸೋಂಕು ಇರಲಿಲ್ಲ. ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿ ಅವನಿಗೆ ಮಾತ್ರೆ ಶುರು ಮಾಡಿದರು. ಮಾತ್ರೆಯಿಂದ ರಕ್ತದಲ್ಲಿನ ವೈರಸ್ ಅಡಗಿದೆ ಎಂದು ಪರೀಕ್ಷೆ ಹೇಳುವವರೆಗೆ ಪ್ರತಿ ಸಲವೂ ಕಾಂಡೋಮ್ ಬೇಕು, ಏನಾದರೂ ಹೆಚ್ಚುಕಮ್ಮಿಯಾದರೆ ನಿಮ್ಮ ಸಿಸ್ಟರ್ ಹತ್ತಿರ ಕೂಡಲೇ ಹೋಗಿ ಎಂದು ಅಲ್ಲಿನ ಸಲಹೆಗಾರ್ತಿ ಇಬ್ಬರಿಗೂ ಹೇಳಿ ಕಳಿಸಿದ್ದಳು. ವಿಷಯ ತಿಳಿದಿದ್ದವರು ಅವರಿಬ್ಬರು, ಆಸ್ಪತ್ರೆಯವರು ಮತ್ತು ನಾನು. ಮನೆಯ ಮುದುಕಿಗೆ ಕ್ಷಯ ಎಂದಷ್ಟೇ ಗೊತ್ತು.

ಒಂದು ಗುರುವಾರ ಇಬ್ಬರನ್ನೂ ಕೂರಿಸಿ ಪಾಠ ಹೇಳಿದೆ. ಮೇಜಿನ ಮೇಲೆ ಒಗೆದ ಬಿಳಿ ಬಟ್ಟೆ ಹಾಸಿ, ಬಡಗಿಯಿಂದ ಕೆತ್ತಿಸಿದ್ದ ಮರದ ಮಾದರಿ ನಿಲ್ಲಿಸಿದೆ. ಗಂಡನಿಗೆ ಆಗ ಮೈಯಲ್ಲಿ ಮಾಂಸವಿರಲಿಲ್ಲ, ಆದರೆ ಬಾಯಿ ಸೋತಿರಲಿಲ್ಲ.

“ಇದನ್ನ ಕೆತ್ಸೋವಾಗ ಬಡಗಿಗೆ ಎಂತ ಅಂತ ಹೇಳಿದ್ರಿ ಸಿಸ್ಟ್ರೇ?”

“ಪಾಠಕ್ಕೆ ಅಂತ ಹೇಳ್ದೆ.”

“ಪಾಪ, ಸೌಟಿನ ಹಿಡಿ ಅಂತ ಮಾಡ್ಕೊಂಡಿರ್ತಾನೆ.”

ಹೆಂಡತಿ ಅವನ ತೊಡೆ ಚಿವುಟಿದಳು. ನಾನು ನಗಲಿಲ್ಲ. ಮೊದಲು ತಾರೀಖು ನೋಡುವುದು. ಪೊಟ್ಟಣವನ್ನು ಹಲ್ಲಿನಿಂದ ಹರಿಯದೆ ಅಂಚಿನಿಂದ ಬಿಡಿಸುವುದು. ಯಾವ ಕಡೆ ಸುರುಳಿ ಬಿಚ್ಚುತ್ತದೆ ಎಂದು ನೋಡಿಕೊಳ್ಳುವುದು. ತುದಿಯನ್ನು ಬೆರಳಲ್ಲಿ ಒತ್ತಿ ಗಾಳಿ ತೆಗೆಯುವುದು. ಬುಡದವರೆಗೆ ಇಳಿಸುವುದು. ಮುಗಿದ ಮೇಲೆ ಬುಡ ಹಿಡಿದುಕೊಂಡೇ ಹೊರಗೆ ಬರುವುದು. ಗಂಟು ಹಾಕಿ, ಕಾಗದದಲ್ಲಿ ಸುತ್ತಿ ಕಸಕ್ಕೆ ಹಾಕುವುದು. ಅದಕ್ಕೆ ಎಣ್ಣೆ ಹಚ್ಚಬಾರದು. ಒಣ ಜಾಗದಲ್ಲಿ ಇಡಬೇಕು. ಇಬ್ಬರಿಂದಲೂ ಎರಡೆರಡು ಸಲ ಮಾಡಿಸಿದೆ, ಬಾಯಿಪಾಠ ಒಪ್ಪಿಸಿಕೊಂಡೆ. ಆಕೆ ಒಂದಕ್ಷರ ತಪ್ಪದೆ ಹೇಳಿದಳು. ಕೊನೆಯಲ್ಲಿ ಸ್ವಲ್ಪ ತಡೆದು ಕೇಳಿದಳು.

“ಸಿಸ್ಟ್ರೇ, ನೀರು ಗೀರು ತಾಗಿದ್ರೆ ಎಂತಾದ್ರೂ ಆಗ್ತದಾ?”

“ಅದಕ್ಕೇ ಹೇಳಿದ್ದು, ಒಣ ಜಾಗದಲ್ಲಿ ಇಡು ಅಂತ.”

ಆಕೆ ಇನ್ನೇನೋ ಕೇಳುವವಳಿದ್ದಳು. ನಾನು ಪೊಟ್ಟಣಗಳನ್ನು ಎಣಿಸಿ ಚೀಲಕ್ಕೆ ಹಾಕತೊಡಗಿದ್ದೆ. ನನ್ನ ಹತ್ತಿರ ಯಾವ ಉತ್ತರವಿತ್ತೋ ಆ ಪ್ರಶ್ನೆಯನ್ನೇ ಆಕೆ ಕೇಳಿದಳು ಎಂದುಕೊಂಡೆ.

ಈಗ ಆ ಮನೆಯ ವಿಷಯ ಹೇಳಬೇಕು. ಒಂದು ಕೋಣೆ, ಒಂದು ಅಡುಗೆ ಮೂಲೆ. ಕೋಣೆಯಲ್ಲಿ ಐದು ಜನರ ಚಾಪೆ. ಹಿಂದುಗಡೆ ಬೇರೆಯಾಗಿ ಕಲ್ಲಿನ ಗೋಡೆ, ತಗಡಿನ ಮಾಡಿನ ಬಚ್ಚಲು. ಒಳಗೆ ನೀರಿನ ಹಂಡೆ, ಅದರ ಕೆಳಗೆ ಒಲೆ, ಬಾಗಿಲಿಗೆ ಒಳಗಿನಿಂದ ಚಿಲಕ. ಇಡೀ ಮನೆಯಲ್ಲಿ ಚಿಲಕವಿದ್ದದ್ದು ಆ ಬಾಗಿಲಿಗೆ ಮಾತ್ರ. ನಾನು ಆ ಮನೆಗೆ ನಾಲ್ಕೈದು ಸಲ ಹೋಗಿದ್ದೆ. ನೀರಿನ ಡ್ರಮ್ಮಿನಲ್ಲಿ ಸೊಳ್ಳೆಮರಿ ಇದೆಯೇ, ಮಕ್ಕಳ ಉಗುರು ಕತ್ತರಿಸಿದೆಯೇ, ಬಚ್ಚಲಿನ ನೀರು ಹರಿದು ಹೋಗುತ್ತದೆಯೇ, ಎಲ್ಲ ನೋಡಿ ಪುಸ್ತಕದಲ್ಲಿ ಸರಿ ಗುರುತು ಹಾಕಿದ್ದೆ. ಒಂದು ಸಲ ಮುದುಕಿ ಸೊಸೆಯ ಎದುರೇ ನನಗೆ ಹೇಳಿದ್ದಳು.

“ಭಾನುವಾರ ಬಂತೂಂದ್ರೆ ಇವ್ರಿಬ್ರದ್ದು ಎಣ್ಣೆ ಸ್ನಾನ ನರ್ಸಮ್ಮ. ಬೆನ್ನು ಉಜ್ಜೋಕೆ ಅಂತ ಹೋದವ್ಳು ಹಂಡೆ ನೀರೆಲ್ಲಾ ಖಾಲಿ ಮಾಡ್ಕೊಂಡೇ ಬರೋದು. ನಂಗೆ ಬೂದಿ ಬಿಸಿಯಷ್ಟೇ ಉಳಿಯೋದು.”

“ನಿಮ್ ಮಗನ ಬೆನ್ನು ಅಷ್ಟಗಲ ಇದೆ, ನಾನೆಂತ ಮಾಡ್ಲಿ ಅತ್ತೆ” ಎಂದಿದ್ದಳು ಸೊಸೆ.

ಮೂವರೂ ನಕ್ಕೆವು. ಭಾನುವಾರ ಮೈಗೆಲ್ಲ ಕೊಬ್ಬರಿ ಎಣ್ಣೆ ತಿಕ್ಕಿ, ಬಿಸಿ ಬಿಸಿ ನೀರು ಸುರಿದುಕೊಳ್ಳುವುದು ನಮ್ಮ ಕಡೆ ಎಲ್ಲ ಮನೆಯಲ್ಲೂ ಉಂಟು. ಹೆಂಡತಿ ಹೋಗಿ ಗಂಡನ ಬೆನ್ನು ಉಜ್ಜಿಕೊಡುವುದನ್ನು ಯಾವ ಅತ್ತೆಯೂ ತಪ್ಪು ಹಿಡಿಯುವುದಿಲ್ಲ. ಐದು ಜನರ ಕೋಣೆಯಲ್ಲಿ ಇರುವ ಗಂಡ ಹೆಂಡತಿಗೆ ವಾರಕ್ಕೊಮ್ಮೆ, ಯಾರೂ ಬಾಗಿಲು ಬಡಿಯದ ಅರ್ಧ ಗಂಟೆ ಎಂದರೆ ಅದೇ. ಇಷ್ಟು ನನ್ನ ಕಣ್ಣೆದುರೇ ಇತ್ತು, ಕಿವಿಗೂ ಬಿದ್ದಿತ್ತು. ಪಾಠ ಹೇಳುವಾಗ ಮಾತ್ರ ನನ್ನ ಮನಸ್ಸಿನಲ್ಲಿ ಇದ್ದದ್ದು ಒಂದು ಮಂಚ, ಒಂದು ದೀಪ, ಒಣಗಿದ ಎರಡು ಕೈ. ಆ ಲೈನಿನಲ್ಲಿ ಯಾರ ಮನೆಯಲ್ಲೂ ಮಂಚವಿರಲಿಲ್ಲ.

ಆಷಾಢದ ಮಳೆ. ಆ ಮಂಗಳವಾರ ಬೆಂಚಿನ ಮೇಲೆ ಐದು ಜನ ಬಸುರಿಯರಿದ್ದರು. ಒಬ್ಬೊಬ್ಬರ ತೂಕ, ಬಿ.ಪಿ. ನೋಡಿ ಬರೆಯುತ್ತಿದ್ದೆ. ಹತ್ತೂವರೆಗೆ ಆಕೆ ಬಾಗಿಲಿಗೆ ಬಂದಳು. ತಲೆ ಮೇಲಿನ ಪ್ಲಾಸ್ಟಿಕ್ ಕೊಪ್ಪೆಯಿಂದ ನೀರು ಇಳಿಯುತ್ತಿತ್ತು. ಕಳೆ ತೆಗೆಯುವ ಕೆಲಸದಿಂದ ಮೇಸ್ತ್ರಿಯನ್ನು ಕೇಳಿ ಎದ್ದು ಬಂದಿದ್ದಳು ಎಂಬುದು ಕೈಯ ಮಣ್ಣಿನಿಂದ ಗೊತ್ತಾಗುತ್ತಿತ್ತು.

“ಸಿಸ್ಟ್ರೇ, ಒಂದ್ ಮಾತಿತ್ತು.”

“ಹೇಳು.”

ಆಕೆ ಬೆಂಚಿನ ಕಡೆ ನೋಡಿದಳು. “ಒಳಗೆ ಬರ್ಲಾ?”

“ಜ್ವರವಾ?”

“ಅಲ್ಲ.”

“ರಕ್ತ ಹೋಗ್ತಿದೆಯಾ?”

“ಅಲ್ಲ ಸಿಸ್ಟ್ರೇ. ಬೇರೆ.”

“ಬೇರೆ ಆದ್ರೆ ಗುರುವಾರ ಬಾ. ಗುರುವಾರ ನಿಂಗೆ ಅಂತ್ಲೇ ಅರ್ಧ ಗಂಟೆ ಇಡ್ತೀನಿ.”

ಗೋಡೆಯ ರಟ್ಟಿನಲ್ಲಿ ಗುರುವಾರದ ಎದುರು ಏನು ಬರೆದಿದೆ ಎಂದು ಇಡೀ ಎಸ್ಟೇಟಿಗೆ ಗೊತ್ತು. ಬೆಂಚಿನಲ್ಲಿದ್ದ ಒಬ್ಬಳು, ತುಂಬಿದ ಬಸುರಿ, ಬಾಯಿ ಹಾಕಿದಳು.

“ಆಪರೇಷನ್ ಆದವ್ಳಿಗೆ ಗುರುವಾರ ಎಂತಕ್ಕೇ ಮಾರಾಯ್ತಿ? ನಮ್ಗಾದ್ರೆ ಸರಿ.”

ಬೆಂಚಿನ ತುಂಬ ನಗು. ಆಕೆಯೂ ನಕ್ಕಳು. “ಎಂತ ಇಲ್ಲ, ಕಿವಿ ನೋವು” ಎಂದು ಕೊಪ್ಪೆ ಸರಿಮಾಡಿಕೊಂಡಳು. ಕಿವಿ ನೋವಾದರೆ ಶನಿವಾರ ಎಂದೆ ನಾನು. ನಿಜವಾಗಿಯೂ ಹಾಗೆಂದೆ. ಆಕೆ ಹೊರಗೆ ಹೋದಳು. ನಾನು ಮುಂದಿನವಳ ತೋಳಿಗೆ ಬಿ.ಪಿ. ಪಟ್ಟಿ ಸುತ್ತಿದೆ.

ಗುರುವಾರ ಒಂಬತ್ತಕ್ಕೆ ಸರಿಯಾಗಿ ಬಂದಳು. ಬಾಗಿಲು ಹಾಕಿ ಕೂರಿಸಿದೆ. ಆಕೆ ಸುತ್ತಿ ಬಳಸಿ ಹೇಳಲಿಲ್ಲ. ಎರಡು ದಿನ ಮನಸ್ಸಿನಲ್ಲೇ ಹೇಳಿಕೊಂಡು ಬಂದವರ ಹಾಗೆ ಹೇಳಿದಳು. ಭಾನುವಾರ ಮಧ್ಯಾಹ್ನ ಹನ್ನೆರಡರ ಹೊತ್ತಿಗೆ, ಬಚ್ಚಲಿನಲ್ಲಿ, ಕಾಂಡೋಮ್ ಹರಿದಿತ್ತು. ಯಾವಾಗ ಹರಿಯಿತೆಂದು ತಿಳಿಯಲಿಲ್ಲ. ಮೈಮೇಲೆ ನೀರು ಹರಿಯುತ್ತಿದ್ದುದರಿಂದ ಗೊತ್ತೇ ಆಗಲಿಲ್ಲ. ಮುಗಿದ ಮೇಲೆ ನೋಡಿದರೆ ಬುಡದ ಬಳೆ ಮಾತ್ರ ಸರಿ ಇತ್ತು.

“ಎಣ್ಣೆ ಹಚ್ಚಬಾರ್ದು ಅಂತ ಹೇಳಿದ್ನಲ್ಲ?” ಎಂದೆ. ನನ್ನ ಬಾಯಿಂದ ಮೊದಲು ಬಂದದ್ದು ಆ ಮಾತು.

“ಅದಕ್ಕೆ ಹಚ್ಲಿಲ್ಲ ಸಿಸ್ಟ್ರೇ. ಮೈಗೆ ಹಚ್ಕೊಂಡಿದ್ವಿ. ಭಾನುವಾರ ಅಲ್ವಾ.”

ನಾನು ಗಂಟೆ ಎಣಿಸಿದೆ. ಎಣಿಕೆ ನನಗೆ ತಡವಾಗುವುದಿಲ್ಲ. ಇಂಥ ಸಂದರ್ಭದಲ್ಲಿ, ರೋಗ ತಗಲದಂತೆ ಕೊಡುವ ಮಾತ್ರೆಯಿದೆ. ಎಪ್ಪತ್ತೆರಡು ಗಂಟೆಯೊಳಗೆ ಶುರು ಮಾಡಬೇಕು, ಎಷ್ಟು ಬೇಗವೋ ಅಷ್ಟು ಒಳ್ಳೆಯದು, ಇಪ್ಪತ್ತೆಂಟು ದಿನ ತೆಗೆದುಕೊಳ್ಳಬೇಕು. ಆಸ್ಪತ್ರೆಯವರು ಕೊಟ್ಟ ಕಾಗದ ನನ್ನ ಮೇಜಿನ ಎರಡನೆಯ ಡ್ರಾಯರಿನಲ್ಲೇ ಇತ್ತು, ಸೂಜಿಯಿಂದ ಹಾಳೆಗಳನ್ನು ಸೇರಿಸಿ ಇಟ್ಟಿದ್ದೆ. ಭಾನುವಾರ ಮಧ್ಯಾಹ್ನದಿಂದ ಬುಧವಾರ ಮಧ್ಯಾಹ್ನಕ್ಕೆ ಎಪ್ಪತ್ತೆರಡು. ಈಗ ತೊಂಬತ್ತಮೂರು. ಮಂಗಳವಾರ ಹತ್ತೂವರೆಗೆ ಆಕೆ ಬಾಗಿಲಲ್ಲಿ ನಿಂತಾಗ ನಲವತ್ತಾರೂವರೆ ಆಗಿತ್ತು. ಹನ್ನೊಂದರ ಬಸ್ಸಿಗೆ ಕೂರಿಸಿದ್ದರೆ ಮಧ್ಯಾಹ್ನ ಊಟದ ಹೊತ್ತಿಗೆಲ್ಲ ಚಿಕ್ಕಮಗಳೂರಿನಲ್ಲಿ ಡಾಕ್ಟರ ಎದುರು ಇರುತ್ತಿದ್ದಳು.

ಗಂಟೆಯ ಲೆಕ್ಕ ಆಕೆಗೆ ಗೊತ್ತಿರಲಿಲ್ಲ. ಪಾಠದ ದಿನ ನಾನು ಅದನ್ನು ಹೇಳಿರಲಿಲ್ಲ. ಸರಿಯಾಗಿ ಕಲಿಸಿದರೆ ಆ ಮಾತೇ ಬೇಕಾಗದು ಎಂದುಕೊಂಡಿದ್ದೆ.

ಆಕೆಯ ಎದುರಿಗೇ ಸಲಹೆಗಾರ್ತಿಗೆ ಫೋನ್ ಮಾಡಿದೆ. ಚಿಕ್ಕ ವಯಸ್ಸಿನವಳು, ನನ್ನನ್ನು ಅಮ್ಮ ಎಂದೇ ಕರೆಯುತ್ತಿದ್ದಳು. ಯಾವಾಗ ಎಂದು ಕೇಳಿದಳು. ಹೇಳಿದೆ.

“ನಿನ್ನೆ ಬೆಳಿಗ್ಗೆ ಬಂದಿದ್ರೂ ಡಾಕ್ಟರ್ ಹತ್ರ ಮಾತಾಡಿ ಶುರು ಮಾಡಬಹುದಿತ್ತು ಅಮ್ಮ. ಈಗ ಕೊಟ್ಟು ಉಪಯೋಗ ಇಲ್ಲ. ಇವತ್ತೊಂದು ಟೆಸ್ಟ್ ಮಾಡಿಸಿ, ಆರು ವಾರಕ್ಕೊಂದು, ಮೂರು ತಿಂಗಳಿಗೊಂದು. ಇಷ್ಟು ತಡ ಯಾಕಾಯ್ತು?”

“ಮಳೆ” ಎಂದೆ. “ದಾರಿ ಮೇಲೆ ಮರ ಬಿದ್ದಿತ್ತು.”

ಎದುರಿಗೆ ಕೂತವಳು ನನ್ನ ಮುಖ ನೋಡಿದಳು. ಯಾವ ಮರವೂ ಬಿದ್ದಿರಲಿಲ್ಲ. ಆಕೆ ಕೊಪ್ಪೆಯ ಅಂಚನ್ನು ಮಡಿಸಿ ಬಿಡಿಸುತ್ತ ಕೂತಿದ್ದಳು. ಫೋನ್ ಇಟ್ಟ ಮೇಲೆ ಕೇಳಿದಳು.

“ನಿನ್ನೆ ಬಂದಿದ್ರೆ ಎಂತ ಕೊಡ್ತಿದ್ರು ಸಿಸ್ಟ್ರೇ?”

ಹೇಳಿದೆ. ಆಕೆ ತಲೆಯಾಡಿಸಿದಳು. “ಮಂಗಳವಾರ ಬಂದಿದ್ದೆ” ಎಂದಳು. ದೂರಿನ ದನಿಯಲ್ಲ. ನಾನು ಮರೆತಿರಬಹುದೇನೋ ಎಂದು ನೆನಪಿಸುವ ಹಾಗೆ.

ಸಂಜೆ ಬಸ್ಸಿಗೆ ಮುಂಚೆ ಅವರ ಮನೆಗೆ ಹೋದೆ. ಮುದುಕಿಗೆ ಸೊಳ್ಳೆ ನೋಡಲು ಬಂದೆ ಎಂದೆ. ಬಚ್ಚಲಿನಲ್ಲಿ ಹಂಡೆಯ ಒಲೆಯ ಮೇಲೆ, ಹೊಗೆ ಹೋಗುವ ಕಿಂಡಿಯ ಪಕ್ಕ, ಕಲ್ಲಿನ ಒಂದು ಹಲಗೆ. ಅದರ ಮೇಲೆ ಬೆಂಕಿಪೊಟ್ಟಣ, ಉಪ್ಪಿನ ಡಬ್ಬಿ, ಪಡಿತರ ಚೀಟಿಯಿಟ್ಟ ಪ್ಲಾಸ್ಟಿಕ್ ಲಕೋಟೆ. ಹಿಂದೆ ಒಂದು ಹಳೆಯ ಪೌಡರ್ ಡಬ್ಬಿ. ಆಕೆ ಅದನ್ನು ತೆಗೆದು ನನ್ನ ಕೈಗಿಟ್ಟಳು. ಡಬ್ಬಿ ಬಿಸಿಯಾಗಿತ್ತು. ಒಳಗೆ ನಾನು ಎಣಿಸಿ ಕೊಟ್ಟ ಪೊಟ್ಟಣಗಳು.

“ಒಣ ಜಾಗ ಅಂದಿದ್ರಲ್ಲ” ಎಂದಳು. “ಈ ಮಳೇಲಿ ನಮ್ಮನೇಲಿ ಒಣಗಿರೋದು ಇದೊಂದೇ.”

ನಮ್ಮ ಕಡೆಯ ಮಳೆಗಾಲದಲ್ಲಿ ಒಣ ಜಾಗ ಎಂದರೆ ಒಲೆಯ ಮೇಲಿನ ಜಾಗ. ನನ್ನ ಸ್ವಂತ ಮನೆಯಲ್ಲೂ ಬೆಂಕಿಪೊಟ್ಟಣ ಅಲ್ಲೇ ಇರುತ್ತದೆ. ತಂಪಾಗಿಯೂ ಇರಬೇಕು, ಒಣಗಿಯೂ ಇರಬೇಕು ಎಂದು ಪೊಟ್ಟಣದ ಮೇಲೆ ಬರೆದಿರುತ್ತಾರೆ. ನಾನು ಅರ್ಧ ಹೇಳಿ ಅರ್ಧ ಬಿಟ್ಟಿದ್ದೆ. ವಾರಗಟ್ಟಲೆ ಬಿಸಿಯಲ್ಲಿ ಕೂತ ರಬ್ಬರು, ಮೈತುಂಬ ಕೊಬ್ಬರಿ ಎಣ್ಣೆ, ಮೇಲಿಂದ ಬಿಸಿನೀರು. ಅವರಿಬ್ಬರೂ ನಾನು ಹೇಳಿದ ಒಂದು ಮಾತನ್ನೂ ಮೀರಿರಲಿಲ್ಲ.

ಆ ಶನಿವಾರ ಸಲಹೆಗಾರ್ತಿಗೆ ಮತ್ತೆ ಫೋನ್ ಮಾಡಿ, ನೀರಿನ ವಿಷಯ ಕೇಳಿ ಬರೆದುಕೊಂಡೆ. ನಾನು ಕೇಳಲು ತಡವರಿಸಿದೆ, ಅವಳು ಹೇಳಲು ತಡವರಿಸಲಿಲ್ಲ. ನೀರಿನಲ್ಲಿ ಕಾಂಡೋಮ್ ಎಷ್ಟರ ಮಟ್ಟಿಗೆ ಕಾಯುತ್ತದೆ ಎಂದು ಯಾರೂ ಭರವಸೆ ಕೊಡಲಾರರು ಎಂದಳು. ಅದರ ಮೇಲಿನ ಜಾರುಪಸೆಯನ್ನು ನೀರು ತೊಳೆದುಬಿಡುತ್ತದೆ, ಆಗ ತಿಕ್ಕಾಟ ಹೆಚ್ಚಾಗಿ ಹರಿಯುತ್ತದೆ. ಒಳಗೆ ನೀರು ಸೇರಿದರೆ ಕಳಚಿಕೊಳ್ಳುತ್ತದೆ, ಕಳಚಿದ್ದು ನೀರಿನಲ್ಲಿ ತಿಳಿಯುವುದೂ ಇಲ್ಲ. ಎಣ್ಣೆ ನಿಮಿಷಗಳಲ್ಲಿ ರಬ್ಬರನ್ನು ಸಡಿಲ ಮಾಡುತ್ತದೆ, ಸೋಪು ಶಾಂಪೂ ಕೂಡ ಬೇಡ. ಮೈ ಒರೆಸಿಕೊಂಡು, ಕೈಯ ಎಣ್ಣೆ ಹೋಗುವಂತೆ ತೊಳೆದು ಒಣಗಿಸಿಕೊಂಡು, ನೀರಿನಿಂದ ಈಚೆ ಬಂದ ಮೇಲೆ ಹಾಕಿಕೊಳ್ಳುವುದೇ ಸರಿ. ನೀರಿನಲ್ಲೇ ಇರುತ್ತೇವೆ ಎನ್ನುವವರು ಒಣಗಿದ್ದಾಗಲೇ ಹಾಕಿಕೊಂಡು ಆಮೇಲೆ ಇಳಿಯಬೇಕು, ಸಿಲಿಕೋನಿನ ಜೆಲ್ ಬಳಸಬೇಕು, ನೀರಿನಿಂದ ಮಾಡಿದ ಜೆಲ್ ತೊಳೆದುಹೋಗುತ್ತದೆ, ನಡುವೆ ಕೈಯಿಟ್ಟು ನೋಡಿಕೊಳ್ಳುತ್ತಿರಬೇಕು. ನೀರು ರೋಗವನ್ನು ತೊಳೆದುಬಿಡುತ್ತದೆ ಎಂದು ನಂಬಿದವರು ಬೇಕಾದಷ್ಟಿದ್ದಾರೆ, ಅದು ಸುಳ್ಳು. ಬಸಿರೂ ನೀರಿಗೆ ಹೆದರುವುದಿಲ್ಲ.

“ಇದು ಬರೀ ಲೈನ್ ಮನೆ ವಿಷಯ ಅಲ್ಲ ಅಮ್ಮ” ಎಂದಳು. “ಅತ್ತಿಗುಂಡಿ ಕಡೆ ಹೋಂಸ್ಟೇಗೆ ಬರೋರು ಹಳ್ಳದಲ್ಲಿ, ಈಜುಕೊಳದಲ್ಲಿ ಇದೇ ಮಾಡ್ಕೊಂಡು ಬಂದು ನನ್ನ ಕೇಳ್ತಾರೆ. ನಾನು ಮೊದಲು ಎಲ್ಲಿ ಅಂತ ಕೇಳ್ತೀನಿ. ನೀವು ಕೇಳಿರ್ಲಿಲ್ವಾ?”

ಕೇಳಿರಲಿಲ್ಲ.

ಮುಂದಿನ ವಾರ ಗಂಡ ಹೆಂಡತಿ ಇಬ್ಬರಿಗೂ ಎರಡನೆಯ ಪಾಠವಾಯಿತು. ಈ ಸಲ ಬಿಳಿ ಬಟ್ಟೆಯಿಲ್ಲ, ಮರದ ಮಾದರಿಯೂ ಇಲ್ಲ. ಹೆಚ್ಚಿನ ಪಾಲು ನಾನೇ ಕೇಳಿಸಿಕೊಂಡೆ. ಬಚ್ಚಲಲ್ಲದೆ ಬೇರೆ ಎಲ್ಲಿ ಸಾಧ್ಯ, ಮುದುಕಿ ಎಷ್ಟು ಹೊತ್ತಿಗೆ ಸೌದೆಗೆ ಹೋಗುತ್ತಾಳೆ, ಮಕ್ಕಳು ಯಾವಾಗ ಶಾಲೆಯಲ್ಲಿರುತ್ತಾರೆ, ಡಬ್ಬಿ ಯಾರ ಕೈಗೆ ಸಿಗುತ್ತದೆ. ಕೊನೆಗೆ ಅವನ ಕ್ಷಯದ ಔಷಧಿಯ ಹಳೆಯ ಪೆಟ್ಟಿಗೆಯಲ್ಲಿ ಇಟ್ಟು ಕೋಣೆಯ ಗೋಡೆಯ ಗೂಡಿನಲ್ಲಿ ಇಡುವುದೆಂದಾಯಿತು. ಆ ಪೆಟ್ಟಿಗೆಯನ್ನು ಮುದುಕಿ ಹೆದರಿ ಮುಟ್ಟುತ್ತಿರಲಿಲ್ಲ. ಅವನು ಆ ದಿನ ತಮಾಷೆ ಮಾಡಲಿಲ್ಲ. ಹೊರಡುವಾಗ ಹೆಂಡತಿಯನ್ನು ಮುಂದೆ ಕಳಿಸಿ ನನ್ನ ಮೇಜಿನ ಹತ್ತಿರ ನಿಂತ.

“ಅವ್ಳಿಗೆ ಬಂದ್ರೆ, ಅದು ನನ್ನಿಂದ ಅಲ್ವಾ ಸಿಸ್ಟ್ರೇ.”

ನಿನ್ನಿಂದಲ್ಲ, ನನ್ನಿಂದ ಎಂದು ಹೇಳಬೇಕಿತ್ತು. “ಮಾತ್ರೆ ತಪ್ಪಿಸಬೇಡ” ಎಂದೆ.

ಎಸ್ಟೇಟಿನ ಲೆಕ್ಕಪತ್ರ ನೋಡುವ ರೈಟರ್ ಹತ್ತಿರ ಹೋಗಿ ಆ ಮನೆಯ ಕೋಣೆಗೆ ಅಡ್ಡಗೋಡೆ, ಬಾಗಿಲು ಹಾಕಿಸಿಕೊಡಿ ಎಂದು ಅರ್ಜಿ ಬರೆದುಕೊಟ್ಟೆ. ಕಾರಣ ಎಂತ ಬರೀಲಿ ಎಂದ ರೈಟರ್. ಕ್ಷಯದವನಿಗೆ ಬೇರೆ ಮಲಗಲು ಎಂದು ಬರೆಸಿದೆ. “ಅವ್ನಿಗೆ ವಾಸಿ ಆಗ್ತಾ ಬಂತಲ್ಲ ಸಿಸ್ಟ್ರೇ?” ಎಂದ. “ಇನ್ನೊಬ್ರಿಗೆ ಬರಬಾರದಲ್ಲ” ಎಂದೆ. ಅದು ಸುಳ್ಳಲ್ಲ.

ಮೊದಲ ದಿನದ ಪರೀಕ್ಷೆಯಲ್ಲಿ ಏನೂ ಇರಲಿಲ್ಲ. ಇರುವುದಕ್ಕೆ ಅಷ್ಟು ಬೇಗ ಸಾಧ್ಯವೂ ಇಲ್ಲ. ಆರು ವಾರದ್ದರಲ್ಲೂ ಇರಲಿಲ್ಲ. ಆದರೂ ಮೂರು ತಿಂಗಳು ಮುಗಿಯಬೇಕು. ಆ ಮೂರು ತಿಂಗಳು ಆಕೆ ಮಕ್ಕಳಿಗೆ ಅನ್ನ ಕಲಸಿ ಕೊಡುವುದನ್ನು ಬಿಟ್ಟಿದ್ದಳು. ಕೈಯಿಂದ ಹರಡುವುದಿಲ್ಲ ಎಂದು ನಾನು ಹೇಳಿದೆ, ಆಕೆಗೂ ಗೊತ್ತಿತ್ತು, ಆದರೂ ಬಿಟ್ಟಿದ್ದಳು. ಚಿಕ್ಕದಕ್ಕೆ ಮೊಮ್ಮಗು ಎಂಬ ಅಕ್ಕರೆಯಿಂದ ಮುದುಕಿಯೇ ಕಲಸಿ ಕೊಡುತ್ತಾಳೆ ಎಂದು ಅಕ್ಕಪಕ್ಕದವರು ತಿಳಿದಿದ್ದರು. ಪ್ರತಿ ಗುರುವಾರ ಆಕೆ ಡಿಸ್ಪೆನ್ಸರಿಯ ಮುಂದೆ ಹಾದು ಹೋಗುವಾಗ ನನ್ನನ್ನು ನೋಡಿ ತಲೆಯಾಡಿಸುತ್ತಿದ್ದಳು. ನಾನು ಗೋಡೆಯ ರಟ್ಟನ್ನು ತೆಗೆದುಹಾಕಿದ್ದೆ. ತೆಗೆದ ಜಾಗದಲ್ಲಿ ಸುಣ್ಣದ ಬಣ್ಣ ಬೇರೆಯಾಗಿ ಕಾಣುತ್ತಿತ್ತು. ಮಂಗಳವಾರದ ಬಸುರಿಯರು “ಇವತ್ತು ನಮ್ದಾ, ಯಾರ್ದು ಸಿಸ್ಟ್ರೇ?” ಎಂದು ಕೇಳುತ್ತಿದ್ದರು.

ಮಳೆ ನಿಂತ ಮೇಲೆ, ಕಾಫಿ ಹಣ್ಣಾಗುವುದಕ್ಕೆ ಮುಂಚೆ, ಮೂರನೆಯ ಪರೀಕ್ಷೆಗೆ ಆಕೆಯ ಜೊತೆ ನಾನೂ ಹೋದೆ. ಆಸ್ಪತ್ರೆಯಲ್ಲಿ ಮೊದಲು ಸಲಹೆಗಾರ್ತಿಯ ಮೇಜಿನ ಎದುರು ನಿಂತು, ಮರ ಬಿದ್ದಿರಲಿಲ್ಲ ಎಂದೆ. ಮಂಗಳವಾರವೇ ಬಂದಿದ್ದಳು, ನಾನು ಗುರುವಾರ ಬಾ ಎಂದೆ. ಅವಳು ಪೆನ್ನು ಕೆಳಗಿಟ್ಟಳು. “ಗೊತ್ತಿತ್ತು ಅಮ್ಮ. ಅವರು ಆರು ವಾರದ ಟೆಸ್ಟಿಗೆ ಬಂದಾಗ ಕೇಳಿದ್ದೆ. ಮರ ಬಿದ್ದಿದ್ದು ಹೌದು ಅಂದ್ರು. ಯಾವ ಮರ ಅಂದ್ರೆ ಹೇಳೋಕೆ ಬರ್ಲಿಲ್ಲ.” ನನ್ನ ಸುಳ್ಳನ್ನು ಆಕೆ ನನಗಾಗಿ ಹೊತ್ತುಕೊಂಡಿದ್ದಳು.

ಫಲಿತಾಂಶ ಬಂತು. ಇಲ್ಲ. ಆಕೆಗೆ ಏನೂ ತಗಲಿರಲಿಲ್ಲ.

ಆಕೆ ಅಳುತ್ತಾಳೆ ಎಂದು ಕರವಸ್ತ್ರ ತೆಗೆದಿಟ್ಟುಕೊಂಡಿದ್ದೆ. ಅಳಲಿಲ್ಲ. ಕಾಗದವನ್ನು ನಾಲ್ಕು ಮಡಿಕೆ ಮಾಡಿ ರವಿಕೆಯೊಳಗೆ ಇಟ್ಟುಕೊಂಡು, ಹಸಿವಾಗ್ತದೆ ಎಂದಳು. ಬಸ್ ಸ್ಟ್ಯಾಂಡಿನ ಹತ್ತಿರ ಊಟ ಮಾಡಿದೆವು. ಆಕೆ ಎರಡು ಸಲ ಅನ್ನ ಹಾಕಿಸಿಕೊಂಡಳು. ಪರೀಕ್ಷೆಯಲ್ಲಿ ಪಾಸಾದದ್ದು ಆಕೆಯ ಅದೃಷ್ಟ, ನನ್ನ ಕೆಲಸವಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಒಂದು ಸಲಕ್ಕೆ ತಗಲದೆ ಹೋಗುವುದು ಉಂಟು, ತಗಲುವುದೂ ಉಂಟು.

ಬಸ್ಸು ಮೂಡಿಗೆರೆ ಸಮೀಪಿಸುವ ಹೊತ್ತಿಗೆ ಆಕೆ ಕಿಟಕಿಯ ಕಡೆ ಮುಖ ಮಾಡಿ ಹೇಳಿದಳು.

“ಆ ಮಂಗಳವಾರ ನಾನು ಹೋಗಿರ್ಲಿಲ್ಲ ಸಿಸ್ಟ್ರೇ. ಹಿಂದುಗಡೆ ಹಲಸಿನ ಮರದ ಕೆಳಗೆ ನಿಂತಿದ್ದೆ. ಅವ್ರೆಲ್ಲಾ ಹೋಗ್ಲಿ, ನೀವು ಊಟ ಮಾಡಿ ಆಚೆ ಬರ್ತೀರಲ್ಲ, ಆಗ ಹೇಳಣ ಅಂತ. ಮೇಸ್ತ್ರಿ ಕೂಗಿದ, ಹೋದೆ.”

“ಎಷ್ಟು ಹೊತ್ತು ನಿಂತಿದ್ದೆ?”

“ಮಧ್ಯಾಹ್ನ ಒಂದು ಗಂಟೆ ದಾಟಿತ್ತು. ನೀವು ಡಬ್ಬಿ ತೆಗೆದಿದ್ರಿ.” ನಕ್ಕಳು. “ಮೊಸರನ್ನ.”

“ಮಳೇಲಿ ನಿಂತಿದ್ಯಾ” ಎಂದೆ. ನನ್ನ ಊರು ಬಂತು, ಇಳಿದೆ. ಆಕೆ ಕಳಸದ ಕಡೆ ಹೋದಳು.

ಇದಾಗಿ ವರ್ಷಗಳಾದವು. ಅವನ ವೈರಸ್ ಅಡಗಿದೆ, ಮೈ ತುಂಬಿಕೊಂಡಿದ್ದಾನೆ. ಕೋಣೆಗೆ ಅಡ್ಡಗೋಡೆ, ಬಾಗಿಲು, ಚಿಲಕ ಎಲ್ಲ ಬಂತು. ನಾನು ಡಿಸ್ಪೆನ್ಸರಿ ಬಿಟ್ಟೆ. ಆಕೆ ಸಂತೆಗೆ ಬಂದಾಗ ನನ್ನ ಮನೆಗೆ ಬರುತ್ತಾಳೆ, ಒಂದು ಚೀಲ ಕಿತ್ತಳೆಯನ್ನೋ ಅಣಬೆಯನ್ನೋ ತರುತ್ತಾಳೆ. ಇದನ್ನು ಬರೆಯಲೇ ಎಂದು ಕೇಳಿದಾಗ, ಹೆಸರು ಬೇಡ, ಉಳಿದದ್ದು ಬರೀರಿ, ಬೇರೆಯವ್ರಿಗಾದ್ರೂ ಗೊತ್ತಾಗ್ಲಿ ಎಂದಳು. ಬರೆದಷ್ಟನ್ನು ಓದಿ ಹೇಳಿದ್ದೇನೆ. ಮುದುಕಿಯ ಮಾತು ಬಂದಾಗ ಹೊಟ್ಟೆ ಹಿಡಿದು ನಕ್ಕಳು. ಬಸ್ಸಿನವರೆಗೆ ಓದಿ ಹಾಳೆ ಮುಚ್ಚಿದ್ದೆ.

ಓದದೆ ಉಳಿಸಿದ್ದು ಇಷ್ಟು. ಡಿಸ್ಪೆನ್ಸರಿಯ ಹಿಂದಿನ ಕಿಟಕಿಯ ಎದುರೇ ನನ್ನ ಊಟದ ಮೇಜು. ಆ ಮಂಗಳವಾರ ಒಂದು ಗಂಟೆಗೆ ಡಬ್ಬಿಯ ಮುಚ್ಚಳ ತೆಗೆದು ತಲೆಯೆತ್ತಿದಾಗ ಹಲಸಿನ ಮರದ ಕೆಳಗೆ ಕೊಪ್ಪೆ ಹಾಕಿಕೊಂಡು ನಿಂತವಳು ಕಂಡಳು. ಯಾರೆಂದು ಗೊತ್ತಾಯಿತು. ಯಾಕೆ ನಿಂತಿದ್ದಾಳೆ ಎಂಬುದೂ ಗೊತ್ತಾಯಿತು. ಕಿವಿ ನೋವಿಗೆ ಯಾರೂ ಮಳೆಯಲ್ಲಿ ಹಾಗೆ ನಿಲ್ಲುವುದಿಲ್ಲ. ನನ್ನ ಊಟದ ಹೊತ್ತು ಒಂದರಿಂದ ಒಂದೂವರೆ. ಕರೆದರೆ ಇನ್ನು ಮುಂದೆ ಎಲ್ಲರೂ ಆ ಹೊತ್ತಿಗೇ ಬರುತ್ತಾರೆ ಎಂದುಕೊಂಡೆ. ಕುರ್ಚಿಯನ್ನು ಸ್ವಲ್ಪ ತಿರುಗಿಸಿ, ಕಿಟಕಿಗೆ ಬೆನ್ನು ಹಾಕಿ, ಊಟ ಮುಗಿಸಿದೆ.

ಬರುವ ಸಂತೆಗೆ ಆಕೆ ಬರುತ್ತಾಳೆ. ಈ ಹಾಳೆಯನ್ನೂ ಓದಬೇಕು.